ಸುರಪುರದ ಉಸಿರಿಗೆ ಕಲಬುರಗಿಯ ದಾರಿ ಸಾಲದು

ಯಾದಗಿರಿ, ಶಹಾಪುರ, ಸುರಪುರದ ಸರ್ಕಾರಿ ಆಸ್ಪತ್ರೆಗಳಲ್ಲಿ ಆಮ್ಲಜನಕದ ವ್ಯವಸ್ಥೆ ಬಲಪಡಿಸಬೇಕು ಎಂದು ಬಾಯಿ ತೆರೆದರೆ ಸಾಕು, ಬೇಡ ಎನ್ನುವುದಕ್ಕೆ ಕಾರಣಗಳು ಸಾಲುಗಟ್ಟಿ ಬರುತ್ತವೆ. ಕೋವಿಡ್ ಮುಗಿಯಿತಲ್ಲ ಎನ್ನುತ್ತಾರೆ ಕೆಲವರು. ತಂದ ಯಂತ್ರಗಳೇ ತುಕ್ಕು ಹಿಡಿಯುತ್ತಿವೆ, ಇನ್ನಷ್ಟು ಏಕೆ ಎನ್ನುತ್ತಾರೆ ಇನ್ನು ಕೆಲವರು. ಹೀಗೆ ಹೇಳುವವರಲ್ಲಿ ಅಧಿಕಾರಿಗಳಿದ್ದಾರೆ, ವೈದ್ಯರಿದ್ದಾರೆ, ಸರ್ಕಾರದ ದುಡ್ಡು ನೀರಿನಂತೆ ಹರಿದುಹೋಗುವುದನ್ನು ನೋಡಿ ರೋಸಿಹೋದ ಪ್ರಾಮಾಣಿಕರೂ ಇದ್ದಾರೆ. ಅವರ ಉದ್ದೇಶವನ್ನು ನಾನು ಶಂಕಿಸುವುದಿಲ್ಲ. ಅವರ ವಾದಗಳು ತಪ್ಪು ಎಂಬುದಷ್ಟೇ ನನ್ನ ಮಾತು. ಆ ತಪ್ಪಿನ ಬೆಲೆಯನ್ನು ತೆರುವವರು ಸಭೆಗಳಲ್ಲಿ ಕುಳಿತು ಮಾತನಾಡುವ ನಾವಲ್ಲವಾದ್ದರಿಂದ ಒಂದೊಂದಕ್ಕೂ ಉತ್ತರ ಕೊಡಲೇಬೇಕಾಗಿದೆ.

ಮೊದಲು ಕೋವಿಡ್ ಮಾತು. ಆಮ್ಲಜನಕ ಬೇಕಾಗುವುದು ಮಹಾಮಾರಿ ಬಂದಾಗ ಮಾತ್ರ ಎಂಬ ನಂಬಿಕೆ 2021ರ ಏಪ್ರಿಲ್, ಮೇ ತಿಂಗಳ ಸುದ್ದಿವಾಹಿನಿಗಳಿಂದ ಹುಟ್ಟಿದ್ದು. ತಾಲ್ಲೂಕು ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ರಾತ್ರಿ ಪಾಳಿ ಮಾಡುವ ಯಾವ ಸಿಸ್ಟರ್ ಬೇಕಾದರೂ ಕೇಳಿ, ಬೇರೆಯದನ್ನೇ ಹೇಳುತ್ತಾರೆ. ದಿನ ತುಂಬುವ ಮೊದಲೇ ಹುಟ್ಟಿ ಉಸಿರಾಟಕ್ಕೆ ಒದ್ದಾಡುವ ಕೂಸಿಗೆ ಅದು ಬೇಕು. ನ್ಯುಮೋನಿಯಾ ಆಗಿ ಪಕ್ಕೆ ಒಳಸೆಳೆದುಕೊಳ್ಳುವ ಎರಡು ವರ್ಷದ ಮಗುವಿಗೆ ಬೇಕು. ಸಿಸೇರಿಯನ್‌ಗೆ ಮಲಗಿಸಿದ ತಾಯಿಗೆ, ಬಾಣಂತಿ ನಂಜು ಏರಿದವಳಿಗೆ, ನಲವತ್ತು ವರ್ಷ ಕಟ್ಟಿಗೆ ಒಲೆಯ ಮುಂದೆ ಕುಳಿತು ದಮ್ಮು ಹತ್ತಿಸಿಕೊಂಡ ಮುದುಕಿಗೆ ಬೇಕು. ಕೃಷ್ಣಾ ಮೇಲ್ದಂಡೆಯ ಕಾಲುವೆ ನೀರಿನಲ್ಲಿ ಭತ್ತ, ಹತ್ತಿ, ಮೆಣಸಿನಕಾಯಿ ಬೆಳೆಯುವ ಈ ಸೀಮೆಯಲ್ಲಿ ಬೆಳೆಗೆ ಹೊಡೆಯುವ ಎಣ್ಣಿ ಮನೆಯ ಮೂಲೆಯಲ್ಲೇ ಇರುತ್ತದೆ. ಅದನ್ನು ಕುಡಿದು ಬಂದವರಲ್ಲಿ ಹಲವರಿಗೆ ಮೊದಲ ಗಂಟೆಯಲ್ಲೇ ಆಮ್ಲಜನಕ ಬೇಕು. ಗದ್ದೆಯಲ್ಲಿ ನಾಗರಹಾವು ಕಚ್ಚಿ ಉಸಿರಾಟದ ಸ್ನಾಯುಗಳೇ ಸೋಲುತ್ತಿರುವ ಕೂಲಿಗೂ ಬೇಕು.

ವಿಶ್ವ ಆರೋಗ್ಯ ಸಂಸ್ಥೆ ರಕ್ತದಲ್ಲಿ ಆಮ್ಲಜನಕ ಕುಸಿದಾಗ ಕೊಡಬೇಕಾದ ಚಿಕಿತ್ಸೆಯಾಗಿ ಆಮ್ಲಜನಕವನ್ನು ಅತ್ಯಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿದ್ದು 2017ರಲ್ಲಿ. ಅದೇ ವರ್ಷದ ಆಗಸ್ಟ್‌ನಲ್ಲಿ ಗೋರಖಪುರದ ಬಿಆರ್‌ಡಿ ವೈದ್ಯಕೀಯ ಕಾಲೇಜಿನಲ್ಲಿ ಆಮ್ಲಜನಕ ಪೂರೈಕೆ ಕಡಿದುಹೋದ ದಿನಗಳಲ್ಲೇ ಮಕ್ಕಳು ಸಾಲುಸಾಲಾಗಿ ಸತ್ತ ಸುದ್ದಿ ದೇಶವನ್ನು ಅಲುಗಾಡಿಸಿತು. ಆಗ ಕೋವಿಡ್ ಎಂಬ ಹೆಸರೇ ಇರಲಿಲ್ಲ. ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಆಯೋಗ 2025ರ ಫೆಬ್ರವರಿಯಲ್ಲಿ ಕೊಟ್ಟ ವರದಿಯ ಪ್ರಕಾರ ಜಗತ್ತಿನಲ್ಲಿ ವರ್ಷಕ್ಕೆ 37.4 ಕೋಟಿ ಜನರಿಗೆ ವೈದ್ಯಕೀಯ ಆಮ್ಲಜನಕ ಬೇಕಾಗುತ್ತದೆ, ಅವರಲ್ಲಿ ಶೇ. 82ರಷ್ಟು ಮಂದಿ ನಮ್ಮಂಥ ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳವರು, ಅವರ ಪೈಕಿ ಮೂವರಲ್ಲಿ ಒಬ್ಬರಿಗೂ ಅದು ಸರಿಯಾಗಿ ಸಿಗುತ್ತಿಲ್ಲ. ಇದು ಪ್ರತಿ ವರ್ಷದ ಲೆಕ್ಕ.

ಯಾದಗಿರಿಗೆ ಈ ಲೆಕ್ಕ ಇನ್ನೂ ಗಟ್ಟಿಯಾಗಿ ಅನ್ವಯಿಸುತ್ತದೆ. 2009ರ ಡಿಸೆಂಬರ್ 30ರಂದು ಗುಲಬರ್ಗಾದಿಂದ ಬೇರೆಯಾದ ಈ ಜಿಲ್ಲೆಯ ಸಾಕ್ಷರತೆ 2011ರ ಜನಗಣತಿಯಲ್ಲಿ ಶೇ. 52ರ ಆಸುಪಾಸು, ರಾಜ್ಯದಲ್ಲೇ ಕೊನೆಯ ಸ್ಥಾನ. ನೀತಿ ಆಯೋಗ 2018ರಲ್ಲಿ ಮಹತ್ವಾಕಾಂಕ್ಷಿ ಜಿಲ್ಲೆಗಳೆಂದು ಕರ್ನಾಟಕದಿಂದ ಆರಿಸಿದ್ದು ರಾಯಚೂರು ಮತ್ತು ಯಾದಗಿರಿ, ಎರಡನ್ನೇ. ಅಪೌಷ್ಟಿಕತೆಯಿಂದ ಬೆಳವಣಿಗೆ ಕುಂಠಿತವಾದ ಮಕ್ಕಳ ಪ್ರಮಾಣದಲ್ಲಿ ಜಿಲ್ಲೆ ರಾಜ್ಯದ ಮುಂಚೂಣಿಯಲ್ಲಿದೆ. ಅಂಥ ಮಗುವಿಗೆ ನ್ಯುಮೋನಿಯಾ ಬಂದರೆ ಅದು ಬೆಂಗಳೂರಿನ ಮಗುವಿಗೆ ಬಂದ ನ್ಯುಮೋನಿಯಾದಂತೆ ಮೂರು ದಿನದ ಸಿರಪ್‌ನಲ್ಲಿ ಇಳಿಯುವುದಿಲ್ಲ.

ಎರಡನೆಯ ವಾದ ಕೇಳಲು ಇನ್ನೂ ಬಲವಾಗಿದೆ: ಆಮ್ಲಜನಕ ಇಲ್ಲದೆ ಸತ್ತವರ ದಾಖಲೆ ಎಲ್ಲಿದೆ? ದಾಖಲೆ ಇಲ್ಲ ಎಂದರೆ ಸಮಸ್ಯೆಯೂ ಇಲ್ಲ.

ಮರಣ ಪ್ರಮಾಣಪತ್ರದಲ್ಲಿ ಆಮ್ಲಜನಕದ ಕೊರತೆ ಎಂದು ಯಾರೂ ಬರೆಯುವುದಿಲ್ಲ. ನ್ಯುಮೋನಿಯಾ, ವಿಷಪ್ರಾಶನ, ಅವಧಿಪೂರ್ವ ಜನನ ಎಂದು ಬರೆಯುತ್ತಾರೆ. ಕೋವಿಡ್ ಎರಡನೇ ಅಲೆಯಲ್ಲಿ ಆಮ್ಲಜನಕದ ಕೊರತೆಯಿಂದಲೇ ಆದ ಸಾವುಗಳನ್ನು ರಾಜ್ಯಗಳು ಪ್ರತ್ಯೇಕವಾಗಿ ವರದಿ ಮಾಡಿಲ್ಲ ಎಂದು ಕೇಂದ್ರ ಸರ್ಕಾರ 2021ರ ಜುಲೈ 20ರಂದು ರಾಜ್ಯಸಭೆಗೆ ತಿಳಿಸಿತು. ಅದಕ್ಕೆ ಎರಡೂವರೆ ತಿಂಗಳ ಹಿಂದೆ, ಮೇ 2 ಮತ್ತು 3ರ ನಡುವೆ, ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಒಂದೇ ದಿನದೊಳಗೆ 24 ರೋಗಿಗಳು ಸತ್ತಿದ್ದರು. ಹೆಚ್ಚಿನ ಸಾವುಗಳಿಗೆ ಬೇರೆ ಕಾರಣಗಳಿವೆ ಎಂಬ ಹೇಳಿಕೆ ಅಲ್ಲೂ ಮೊದಲು ಬಂತು. ಹೈಕೋರ್ಟ್ ನೇಮಿಸಿದ ನ್ಯಾಯಮೂರ್ತಿ ಎ.ಎನ್. ವೇಣುಗೋಪಾಲ ಗೌಡ ನೇತೃತ್ವದ ಸಮಿತಿ ಕಡತಗಳನ್ನು ತೆರೆದು ನೋಡಿದ ಮೇಲೆಯೇ ಆಮ್ಲಜನಕ ಪೂರೈಕೆ ನಿಂತದ್ದರ ಪಾತ್ರ ಬಯಲಾಯಿತು. ಒಂದೇ ದಿನದೊಳಗೆ ಅಷ್ಟು ಜನ ಸತ್ತದ್ದರಿಂದ ಸಮಿತಿ ಬಂತು, ತನಿಖೆ ನಡೆಯಿತು. ಹುಣಸಗಿಯ ಕಡೆಯ ಒಂದು ಕೂಸು ಆಂಬುಲೆನ್ಸ್‌ನಲ್ಲಿ ಸತ್ತರೆ ಯಾವ ಸಮಿತಿ ಬರುತ್ತದೆ? ದಾಖಲೆ ಇಲ್ಲದಿರುವುದು ನಾವು ಅಳೆಯುತ್ತಿಲ್ಲ ಎಂಬುದಕ್ಕೆ ಸಾಕ್ಷಿ. ಸಮಸ್ಯೆ ಇಲ್ಲ ಎಂಬುದಕ್ಕೆ ಅದನ್ನು ಸಾಕ್ಷಿ ಮಾಡಿಕೊಳ್ಳಲಾಗದು.

ನನ್ನನ್ನು ಹೆಚ್ಚು ಕಾಡುವುದು ಮೂರನೆಯ ವಾದ. ಏಕೆಂದರೆ ಅದು ವಾದವಾಗಿ ಉಳಿದಿಲ್ಲ, ಪದ್ಧತಿಯಾಗಿಬಿಟ್ಟಿದೆ. ಕಠಿಣ ಕೇಸುಗಳಿಗೆ ದೊಡ್ಡ ಆಸ್ಪತ್ರೆಗಳಿವೆ, ಕಲಬುರಗಿ ಇದೆ, ರಾಯಚೂರು ಇದೆ, ಈಗ ಯಾದಗಿರಿಯಲ್ಲೇ ವೈದ್ಯಕೀಯ ಕಾಲೇಜು ಆಗಿದೆ. ತಾಲ್ಲೂಕಿನಲ್ಲಿ ಹಣ ಚೆಲ್ಲುವ ಬದಲು ದೊಡ್ಡ ದವಾಖಾನೆಯನ್ನೇ ಬಲಪಡಿಸಿ, ರೋಗಿಯನ್ನು ಅಲ್ಲಿಗೆ ಕಳಿಸಿ ಎನ್ನುತ್ತದೆ ಈ ವಾದ. "ಇಲ್ಲಿ ಆಗೂದಿಲ್ಲ, ಕಲಬುರಗಿಗೆ ಒಯ್ರಿ" ಎಂಬ ಮಾತನ್ನು ಕೇಳದ ಮನೆ ಈ ಭಾಗದಲ್ಲಿ ಕಡಿಮೆ.

ಒಮ್ಮೆ ಲೆಕ್ಕ ಹಾಕಿ ನೋಡೋಣ. ಆಂಬುಲೆನ್ಸ್‌ನಲ್ಲಿ ಸಾಮಾನ್ಯವಾಗಿ ಇರುವುದು ಬಿ ಟೈಪ್ ಸಿಲಿಂಡರ್. ಪೂರ್ತಿ ತುಂಬಿದ್ದರೆ ಅದರಲ್ಲಿ ಸುಮಾರು 1,500 ಲೀಟರ್ ಅನಿಲ ಇರುತ್ತದೆ. ಉಸಿರಾಟ ಕೆಟ್ಟ ವಯಸ್ಕ ರೋಗಿಗೆ ಮಾಸ್ಕ್ ಮೂಲಕ ನಿಮಿಷಕ್ಕೆ 10 ಲೀಟರ್ ಕೊಟ್ಟರೆ ಅದು ಮುಗಿಯಲು 150 ನಿಮಿಷ, ಅಂದರೆ ಎರಡೂವರೆ ಗಂಟೆ. ಸುರಪುರದಿಂದ ಕಲಬುರಗಿ ನೂರು ಕಿಲೋಮೀಟರ್ ದಾಟುತ್ತದೆ. ಹಳ್ಳಿಗಳ ಹಂಪುಗಳನ್ನು, ಕಬ್ಬು ಹತ್ತಿ ಹೊತ್ತ ಟ್ರ್ಯಾಕ್ಟರುಗಳನ್ನು ದಾಟಿಕೊಂಡು ಹೋಗಲು ಎರಡರಿಂದ ಎರಡೂವರೆ ಗಂಟೆ ಬೇಕು. ಸಿಲಿಂಡರ್ ಹೊರಡುವಾಗ ಪೂರ್ತಿ ತುಂಬಿರಬೇಕು, ರೆಗ್ಯುಲೇಟರ್‌ನಲ್ಲಿ ಸೋರಿಕೆ ಇರಬಾರದು, ದಾರಿಯಲ್ಲಿ ಎಲ್ಲೂ ತಡೆಯಾಗಬಾರದು, ದೊಡ್ಡ ಆಸ್ಪತ್ರೆಯ ಬಾಗಿಲಲ್ಲಿ ಹಾಸಿಗೆಗಾಗಿ ಕಾಯಬಾರದು. ಇಷ್ಟೂ ಸರಿಯಾದರೆ ರೋಗಿ ಕೊನೆಯ ಕೆಲವು ಲೀಟರ್ ಆಮ್ಲಜನಕದೊಂದಿಗೆ ಕಲಬುರಗಿ ತಲುಪುತ್ತಾನೆ. ಇದನ್ನು ವ್ಯವಸ್ಥೆ ಎನ್ನಲಾಗದು.

ಮಳೆಗಾಲದಲ್ಲಿ ದಾರಿಯೇ ಇಲ್ಲವಾಗುತ್ತದೆ. ನಾರಾಯಣಪುರದ ಬಸವಸಾಗರದಿಂದ ಲಕ್ಷಗಟ್ಟಲೆ ಕ್ಯುಸೆಕ್ ನೀರು ಬಿಟ್ಟಾಗ ಶಹಾಪುರ–ದೇವದುರ್ಗ ರಸ್ತೆಯ ಕೊಳ್ಳೂರು ಸೇತುವೆ ಮುಳುಗುತ್ತದೆ, ರಾಯಚೂರಿನ ಕಡೆಯ ಆ ದಾರಿ ಮುಚ್ಚುತ್ತದೆ. ಕೃಷ್ಣೆಯ ನಡುವಿನ ನೀಲಕಂಠರಾಯನ ಗಡ್ಡಿಯ ಜನರು ಹೊರಜಗತ್ತಿನಿಂದ ಕಡಿದುಹೋಗುವುದು ಪತ್ರಿಕೆಗಳಿಗೆ ವರ್ಷವರ್ಷದ ಸುದ್ದಿ. ಅಂಥ ದಿನ ದಮ್ಮು ಏರಿದವರಿಗೆ ಸುರಪುರ ತಲುಪುವುದೇ ಒಂದು ಸಾಹಸ. ಸುರಪುರ ತಲುಪಿದ ಮೇಲೂ ಅವರನ್ನು ಮುಂದಕ್ಕೆ ಸಾಗಹಾಕುವುದೇ ನಮ್ಮ ಯೋಜನೆಯಾದರೆ ಆ ಯೋಜನೆಯನ್ನು ಬದಲಿಸಬೇಕು.

ದೊಡ್ಡ ಆಸ್ಪತ್ರೆ ಬೇಡ ಎಂದು ನಾನು ಹೇಳುತ್ತಿಲ್ಲ. ವೆಂಟಿಲೇಟರ್ ಬೇಕಾದವರು ಹೋಗಲೇಬೇಕು. ಆದರೆ ಮೊದಲ ಎರಡು ಗಂಟೆ ಆಮ್ಲಜನಕ ಸಿಕ್ಕರೆ ಹಲವರು ವೆಂಟಿಲೇಟರ್‌ವರೆಗೆ ಹೋಗುವುದೇ ಇಲ್ಲ. ನ್ಯುಮೋನಿಯಾ ಆದ ಮಗುವಿಗೆ ಬೇಕಾಗುವುದು ಮೂಗಿನ ಕೊಳವೆಯಲ್ಲಿ ನಿಮಿಷಕ್ಕೆ ಒಂದೆರಡು ಲೀಟರ್, ಸರಿಯಾದ ಆಂಟಿಬಯಾಟಿಕ್ ಮತ್ತು ಗಂಟೆಗೊಮ್ಮೆ ಬಂದು ನೋಡುವ ಸಿಸ್ಟರ್. ಇದಕ್ಕೆ ನೂರು ಕಿಲೋಮೀಟರ್ ಹೋಗಬೇಕಾಗಿಲ್ಲ.

ಹಾಗಾದರೆ ಸಿಲಿಂಡರ್ ತರಿಸಿ, ಎಂದಿನಂತೆ ನಡೆಯಲಿ ಎಂಬ ಮಾತಿಗೆ ಚಾಮರಾಜನಗರವೇ ಉತ್ತರ. ಆ ಜಿಲ್ಲೆ ತನ್ನ ಸಿಲಿಂಡರ್‌ಗಳಿಗೆ 60 ಕಿಲೋಮೀಟರ್ ದೂರದ ಮೈಸೂರನ್ನು ನೆಚ್ಚಿಕೊಂಡಿತ್ತು. ದೊಡ್ಡ ಜಂಬೋ ಸಿಲಿಂಡರ್‌ನಲ್ಲಿ ಇರುವುದು ಸುಮಾರು 7,000 ಲೀಟರ್. ನಿಮಿಷಕ್ಕೆ 10 ಲೀಟರ್‌ನಂತೆ ಹತ್ತು ರೋಗಿಗಳಿಗೆ ಕೊಟ್ಟರೆ ದಿನಕ್ಕೆ ಇಪ್ಪತ್ತು ಜಂಬೋ ಖಾಲಿ. ಅವನ್ನು ಇಳಿಸಬೇಕು, ಉರುಳಿಸಬೇಕು, ಸ್ಪ್ಯಾನರ್ ಹಾಕಿ ಮ್ಯಾನಿಫೋಲ್ಡ್‌ಗೆ ಜೋಡಿಸಬೇಕು, ಖಾಲಿಯಾದವನ್ನು ಮತ್ತೆ ಲಾರಿಗೆ ಏರಿಸಬೇಕು. ಕೊಡುವ ಊರಿನಲ್ಲೇ ಬೇಡಿಕೆ ಏರಿದ ದಿನ ಲಾರಿ ಬರುವುದಿಲ್ಲ. 2021ರ ಮೇ ತಿಂಗಳಲ್ಲಿ ಕೇಂದ್ರ ಹಂಚುವ ಆಮ್ಲಜನಕದಲ್ಲಿ ಕರ್ನಾಟಕದ ದಿನದ ಪಾಲನ್ನು 1,200 ಟನ್‌ಗೆ ಏರಿಸಿ ಎಂದು ಹೈಕೋರ್ಟ್ ಆದೇಶಿಸಬೇಕಾಯಿತು, ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಬೇಕಾಯಿತು. ತೋರಣಗಲ್ಲಿನಂಥ ಉಕ್ಕಿನ ಊರಿನಲ್ಲಿ ದ್ರವ ಆಮ್ಲಜನಕ ತಯಾರಾಗುವ ರಾಜ್ಯದ ಗತಿಯೇ ಇದಾಗಿತ್ತು. ಸಿಲಿಂಡರ್ ಇರಲಿ, ಆಪತ್ಕಾಲದ ದಾಸ್ತಾನಾಗಿ ಇರಲಿ. ಅದೊಂದನ್ನೇ ನೆಚ್ಚಿಕೊಳ್ಳುವುದು ಬೇಡ.

ಇನ್ನು ತುಕ್ಕಿನ ವಾದ. ಇದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ, ಏಕೆಂದರೆ ಇದರಲ್ಲಿ ನಿಜವಿದೆ. ಪಿಎಂ ಕೇರ್ಸ್ ನಿಧಿಯಿಂದ ದೇಶದಾದ್ಯಂತ ಗಾಳಿಯಿಂದಲೇ ಆಮ್ಲಜನಕ ತಯಾರಿಸುವ 1,200ಕ್ಕೂ ಹೆಚ್ಚು ಪಿಎಸ್‌ಎ ಘಟಕಗಳಿಗೆ ಹಣ ಬಂತು. ರಾಜ್ಯ ಸರ್ಕಾರಗಳು, ಕಂಪನಿಗಳು, ದಾನಿಗಳು ಕೊಟ್ಟ ಘಟಕಗಳು ಬೇರೆ. ಟೇಪು ಕತ್ತರಿಸಿ ಫೋಟೋ ತೆಗೆಸಿಕೊಂಡ ಮೇಲೆ ಎಷ್ಟೋ ಕಡೆ ಘಟಕದ ಬಾಗಿಲಿಗೆ ಬೀಗ ಬಿತ್ತು. ಇದನ್ನು ನೋಡಿದವರಿಗೆ ಸಿಟ್ಟು ಬರುವುದು ಸಹಜ, ನನಗೂ ಬರುತ್ತದೆ. ಆದರೆ ಆ ಯಂತ್ರಗಳು ಏಕೆ ನಿಂತವು ಎಂದು ಕೇಳದೆ, ಯಂತ್ರವೇ ಬೇಡ ಎಂಬ ತೀರ್ಮಾನಕ್ಕೆ ಹಾರುವುದನ್ನು ಒಪ್ಪಲಾರೆ.

ಪಿಎಸ್‌ಎ ಘಟಕ ಮಾಡುವ ಕೆಲಸ ಸರಳ. ಹೊರಗಿನ ಗಾಳಿಯನ್ನು ಕಂಪ್ರೆಸರ್ ಒತ್ತುತ್ತದೆ, ಡ್ರೈಯರ್ ಅದರ ತೇವ ತೆಗೆಯುತ್ತದೆ, ಜಿಯೋಲೈಟ್ ಹರಳು ತುಂಬಿದ ಟ್ಯಾಂಕುಗಳು ಸಾರಜನಕವನ್ನು ಹಿಡಿದಿಟ್ಟುಕೊಳ್ಳುತ್ತವೆ, ಆಚೆ ಬದಿಯಿಂದ ಶೇ. 93ರ ಆಸುಪಾಸು ಶುದ್ಧತೆಯ ಆಮ್ಲಜನಕ ಬರುತ್ತದೆ. ಡ್ರೈಯರ್ ಕೆಟ್ಟು ತೇವ ಒಳಹೋದರೆ ಜಿಯೋಲೈಟ್ ಹಾಳು. ಫಿಲ್ಟರ್ ಬದಲಿಸದಿದ್ದರೆ ಕಂಪ್ರೆಸರ್ ಬಿಸಿಯೇರಿ ನಿಲ್ಲುತ್ತದೆ. ತಿಂಗಳುಗಟ್ಟಲೆ ಓಡಿಸದೆ ಬಿಟ್ಟರೂ ಕೆಡುತ್ತದೆ. ಇಷ್ಟನ್ನು ನೋಡಿಕೊಳ್ಳುವ ಒಬ್ಬ ಮನುಷ್ಯ, ವಾರ್ಷಿಕ ನಿರ್ವಹಣೆಯ ಒಪ್ಪಂದ, ವಿದ್ಯುತ್ ಬಿಲ್ಲಿಗೆ ಹಣ, ಈ ಮೂರನ್ನು ಮಂಜೂರಾತಿ ಪತ್ರದಲ್ಲಿ ಬರೆಯದೆ ಯಂತ್ರವನ್ನು ಮಾತ್ರ ಕಳಿಸಿದರೆ ಅದು ನಿಲ್ಲದೆ ಇನ್ನೇನಾಗುತ್ತದೆ? ಆಸ್ಪತ್ರೆ ಸಾಲದಲ್ಲಿ ಮುಳುಗಿದಾಗ ಹತ್ತಾರು ಕಿಲೋವ್ಯಾಟ್ ಎಳೆಯುವ ಘಟಕದ ಸ್ವಿಚ್ಚನ್ನೇ ಮೊದಲು ಆರಿಸುತ್ತಾರೆ.

ಆ ಮನುಷ್ಯ ಸಿಗುವುದಿಲ್ಲ ಎಂಬುದೂ ನಿಜವಲ್ಲ. ಪಿಎಸ್‌ಎ ಘಟಕ ನಡೆಸಲು ಐಟಿಐ ತರಬೇತಿ ಪಡೆದವರಿಗೆಂದೇ 180 ಗಂಟೆಗಳ ಕೋರ್ಸನ್ನು ಕೇಂದ್ರ ಸರ್ಕಾರ ಆಗಲೇ ರೂಪಿಸಿತು. ಪ್ರತಿ ಜಿಲ್ಲೆಯಲ್ಲೂ ಆಮ್ಲಜನಕದ ಬಳಕೆಯ ಮೇಲೆ ಕಣ್ಣಿಡಲು ತರಬೇತಾದ ಒಬ್ಬ ಆರೋಗ್ಯ ಸಿಬ್ಬಂದಿಯಾದರೂ ಇರಬೇಕು ಎಂದು 2021ರ ಡಿಸೆಂಬರ್‌ನಲ್ಲಿ ದೆಹಲಿಯ ಏಮ್ಸ್‌ನಿಂದ ರಾಷ್ಟ್ರೀಯ ಕಾರ್ಯಕ್ರಮವೂ ಶುರುವಾಯಿತು. ಕೆಲಸವಿಲ್ಲದೆ ಬೆಂಗಳೂರು, ಪುಣೆ, ಮುಂಬೈಗೆ ಗುಳೆ ಹೋಗುವ ಫಿಟ್ಟರ್, ಎಲೆಕ್ಟ್ರಿಷಿಯನ್ ಹುಡುಗರು ಶಹಾಪುರ, ಸುರಪುರದ ಹಳ್ಳಿಹಳ್ಳಿಯಲ್ಲಿದ್ದಾರೆ. ಮೂರು ಆಸ್ಪತ್ರೆಗಳಿಗೆ ಪಾಳಿಯ ಮೇಲೆ ಕೆಲಸ ಮಾಡಲು ಇಂಥ ಕೆಲವರನ್ನು ತಗೊಂಡರೆ ಸಾಕು. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ವರ್ಷಕ್ಕೆ 5,000 ಕೋಟಿ ರೂಪಾಯಿ ಘೋಷಿಸುವ ರಾಜ್ಯದಲ್ಲಿ ಅವರ ಸಂಬಳಕ್ಕೆ ಹಣವಿಲ್ಲ ಎಂದರೆ ನಂಬುವುದು ಕಷ್ಟ.

ಎಲ್ಲ ಕಡೆ ಪಿಎಸ್‌ಎ ಘಟಕವೇ ಬೇಕು ಎಂದೂ ಅಲ್ಲ. ಸಮುದಾಯ ಆರೋಗ್ಯ ಕೇಂದ್ರಕ್ಕೆ ಅದೇ ಕೆಲಸವನ್ನು ಸಣ್ಣ ಪ್ರಮಾಣದಲ್ಲಿ ಮಾಡುವ ಕಾನ್ಸನ್‌ಟ್ರೇಟರ್‌ಗಳು ಸಾಕು. ಐದು ಲೀಟರಿನ ಒಂದು ಕಾನ್ಸನ್‌ಟ್ರೇಟರ್ ಎಳೆಯುವುದು 350 ವ್ಯಾಟ್ ಆಸುಪಾಸು, ಅಡುಗೆಮನೆಯ ಮಿಕ್ಸಿಗಿಂತ ಕಡಿಮೆ. ಅದರ ಹಿಂಬದಿಯ ಸ್ಪಂಜಿನ ಫಿಲ್ಟರನ್ನು ವಾರಕ್ಕೊಮ್ಮೆ ಸೋಪಿನ ನೀರಿನಲ್ಲಿ ತೊಳೆದು ಒಣಗಿಸಿ ಹಾಕಬೇಕು. ಶುದ್ಧತೆ ಕುಸಿದರೆ ಯಂತ್ರವೇ ದೀಪ ಹೊತ್ತಿಸಿ ಎಚ್ಚರಿಸುತ್ತದೆ. ನಮ್ಮ ಬೇಸಿಗೆ 40 ಡಿಗ್ರಿ ದಾಟುವುದರಿಂದ ಅದನ್ನು ಬಿಸಿಲು ಬೀಳುವ ಕಿಟಕಿಯ ಬಳಿ, ಗೋಡೆಗೆ ಒತ್ತಿ ಇಡಬಾರದು. ಜೆಸ್ಕಾಂ ವೋಲ್ಟೇಜ್ ಏರಿಳಿತಕ್ಕೆ ಸ್ಟೆಬಿಲೈಸರ್ ಬೇಕು. ಕರೆಂಟು ಹೋಗುವ ಹೊತ್ತಿಗೆ ಛಾವಣಿಯ ಮೇಲೆ ಸೌರ ಫಲಕ, ಕೆಳಗೆ ಬ್ಯಾಟರಿ ಬೇಕು. ಉಗಾಂಡಾದ 20 ಆಸ್ಪತ್ರೆಗಳಲ್ಲಿ ಸೌರಶಕ್ತಿಯಿಂದ ಆಮ್ಲಜನಕ ಕೊಡುವ ವ್ಯವಸ್ಥೆ ಮಾಡಿ ನೋಡಿದಾಗ, ಆಮ್ಲಜನಕ ಕುಸಿದು ಬಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಮೊದಲ 48 ಗಂಟೆಯ ಸಾವು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು ಎಂಬ ಅಧ್ಯಯನ 2024ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂತು. ಉಗಾಂಡಾದ ಹಳ್ಳಿಗಿಂತ ಯಾದಗಿರಿಯಲ್ಲಿ ಬಿಸಿಲು ಕಡಿಮೆಯೂ ಇಲ್ಲ, ಎಲೆಕ್ಟ್ರಿಷಿಯನ್‌ಗಳೂ ಕಡಿಮೆ ಇಲ್ಲ. ನಮ್ಮ ರಾಜ್ಯದಲ್ಲೇ ಸರ್ಕಾರಿ ಆರೋಗ್ಯ ಕೇಂದ್ರಗಳ ಛಾವಣಿಗೆ ಸೌರ ವಿದ್ಯುತ್ ತರುವ ಕೆಲಸ ಈಗಾಗಲೇ ನಡೆದಿದೆ. ಆ ಕೆಲಸದಲ್ಲಿ ಕಾನ್ಸನ್‌ಟ್ರೇಟರಿನ ಲೋಡನ್ನೂ ಸೇರಿಸಿ ವಿನ್ಯಾಸ ಮಾಡಿದರೆ ಆಯಿತು.

ಇದಕ್ಕಿಂತ ಮೊದಲು ಅನ್ನ, ನೀರು, ವೈದ್ಯರು ಬೇಕು ಎನ್ನುವವರೂ ಇದ್ದಾರೆ. ಅವು ಬೇಕು, ಯಾರಿಗೂ ಅನುಮಾನವಿಲ್ಲ. ಆದರೆ ಅಪೌಷ್ಟಿಕತೆ ನೀಗಲು ಒಂದು ತಲೆಮಾರು ಹಿಡಿಯುತ್ತದೆ. ಈ ಚಳಿಗಾಲದಲ್ಲಿ ನ್ಯುಮೋನಿಯಾ ಬರುವ ಮಗು ಅಷ್ಟು ದಿನ ಕಾಯಲಾರದು. ಪಪುವಾ ನ್ಯೂಗಿನಿಯ ಐದು ಆಸ್ಪತ್ರೆಗಳಲ್ಲಿ ಕಾನ್ಸನ್‌ಟ್ರೇಟರ್ ಮತ್ತು ಪಲ್ಸ್ ಆಕ್ಸಿಮೀಟರ್ ಕೊಟ್ಟು, ಸಿಬ್ಬಂದಿಗೆ ಕಲಿಸಿದಾಗ ಮಕ್ಕಳ ನ್ಯುಮೋನಿಯಾ ಸಾವು ಶೇ. 35ರಷ್ಟು ತಗ್ಗಿತು ಎಂದು 2008ರಲ್ಲೇ ವರದಿಯಾಯಿತು. ಆ ದೇಶದಲ್ಲಿ ಬಡತನ ಅಷ್ಟರಲ್ಲಿ ನೀಗಿರಲಿಲ್ಲ. ಖರ್ಚಿನ ಮಾತಿಗೂ ಉತ್ತರವಿದೆ. ಆಮ್ಲಜನಕದ ವ್ಯವಸ್ಥೆಗೆ ಹಾಕುವ ಹಣ ಮಕ್ಕಳ ಲಸಿಕೆಗೆ ಹಾಕುವ ಹಣದಷ್ಟೇ ಫಲ ಕೊಡುತ್ತದೆ ಎಂದು ಲ್ಯಾನ್ಸೆಟ್ ಆಯೋಗ ಹೇಳಿದೆ.

ಕೊನೆಯದು ವೈದ್ಯರೇ ಎತ್ತುವ ಆಕ್ಷೇಪ. ಧಾರಾಳವಾಗಿ ಸಿಕ್ಕರೆ ಧಾರಾಳವಾಗಿ ಬಳಸುತ್ತಾರೆ, ಅದರಿಂದ ಹಾನಿಯೂ ಇದೆ. ಈ ಆಕ್ಷೇಪವನ್ನು ನಾನು ಗೌರವಿಸುತ್ತೇನೆ. ದಿನ ತುಂಬದೆ ಹುಟ್ಟಿದ ಕೂಸಿಗೆ ಅಳತೆಯಿಲ್ಲದೆ ಆಮ್ಲಜನಕ ಕೊಟ್ಟರೆ ಕಣ್ಣಿನ ಅಕ್ಷಿಪಟಲ ಕೆಟ್ಟು ದೃಷ್ಟಿಯೇ ಹೋಗಬಹುದು. ಕರ್ನಾಟಕಕ್ಕೆ ಇದು ಹೊಸ ವಿಷಯವಲ್ಲ. 2008ರಿಂದ ಕಿಡ್ರಾಪ್ ಕಾರ್ಯಕ್ರಮದ ತಂಡಗಳು ಕ್ಯಾಮೆರಾ ಹೊತ್ತು ಜಿಲ್ಲೆಗಳ ನವಜಾತ ಶಿಶು ಘಟಕಗಳಿಗೆ ಹೋಗಿ ಇಂಥ ಕೂಸುಗಳ ಕಣ್ಣು ಪರೀಕ್ಷಿಸುತ್ತಿವೆ. ಹಾನಿಗೆ ಕಾರಣ ಅಳೆಯದೆ ಕೊಡುವುದು, ಅಳೆಯಲು ಬೇಕಾದದ್ದು ಮಕ್ಕಳ ಬೆರಳಿಗೆ, ಕೂಸಿನ ಪಾದಕ್ಕೆ ಹೊಂದುವ ಪ್ರೋಬ್ ಇರುವ ಪಲ್ಸ್ ಆಕ್ಸಿಮೀಟರ್. ದೊಡ್ಡವರ ಬೆರಳಿಗೆ ಸಿಕ್ಕಿಸುವ ಕ್ಲಿಪ್ಪನ್ನು ಕೂಸಿಗೆ ಹಾಕಿ ಬರುವ ಅಂಕಿ ನಂಬಲಾಗದು. ಕಪ್ಪು ಚರ್ಮದಲ್ಲಿ ಈ ಯಂತ್ರ ನಿಜಕ್ಕಿಂತ ತುಸು ಹೆಚ್ಚು ತೋರಿಸಬಹುದು ಎಂಬುದೂ ಗೊತ್ತಾಗಿದೆ. ಹಾಗಾಗಿ ಅಂಕಿ 91, 92 ಇದ್ದು ಮಗು ಬಳಲುತ್ತಿದ್ದರೆ ಮನೆಗೆ ಕಳಿಸದೆ ಇರಿಸಿಕೊಂಡು ನೋಡಬೇಕು. ಇವೆಲ್ಲ ಕಲಿಸಬಹುದಾದ ಸಂಗತಿಗಳು. ತಪ್ಪಾಗಿ ಕೊಡಬಹುದೆಂಬ ಭಯಕ್ಕೆ ಕೊಡುವುದನ್ನೇ ನಿಲ್ಲಿಸುವುದಾದರೆ ನಾಳೆ ಇನ್ಸುಲಿನ್ನನ್ನೂ ನಿಲ್ಲಿಸಬೇಕಾಗುತ್ತದೆ.

ಈ ಮೂರು ತಾಲ್ಲೂಕುಗಳ ಓದುಗರಲ್ಲಿ ನನ್ನದೊಂದು ಕೋರಿಕೆ. ಮುಂದಿನ ಕೆಡಿಪಿ ಸಭೆಗೆ ಮೊದಲು ನಿಮ್ಮ ಶಾಸಕರನ್ನು, ನಿಮ್ಮ ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಯ ಸದಸ್ಯರನ್ನು ಕಂಡು ಕೇಳಿ: ಘಟಕ ಕಳೆದ ತಿಂಗಳು ಎಷ್ಟು ಗಂಟೆ ಓಡಿತು, ಹೊರಬಂದ ಆಮ್ಲಜನಕದ ಶುದ್ಧತೆ ಎಷ್ಟಿತ್ತು, ಅದನ್ನು ನೋಡಿಕೊಳ್ಳುವವರ ಹೆಸರೇನು, ಮಕ್ಕಳ ಪ್ರೋಬ್ ಇರುವ ಆಕ್ಸಿಮೀಟರ್ ಎಷ್ಟಿವೆ, ಆಮ್ಲಜನಕ ಹಚ್ಚಿ ಬೇರೆ ಊರಿಗೆ ಕಳಿಸಿದ ರೋಗಿಗಳಲ್ಲಿ ಎಷ್ಟು ಜನ ಬದುಕಿ ತಲುಪಿದರು. ಬಾಯಿಮಾತಿನ ಉತ್ತರಕ್ಕೆ ಒಪ್ಪಬೇಡಿ, ನಡಾವಳಿಯಲ್ಲಿ ಬರೆಸಿ. ಉತ್ತರ ಸಿಗದಿದ್ದರೆ ಮುಂದಿನ ಸಭೆಯಲ್ಲೂ ಅದನ್ನೇ ಕೇಳಿ.